ಎಡಗೈಲಿ ಬಡಿಸಿದ ಸಾವುಕಾರ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಬೇಗ ಬರುವುದಿಲ್ಲ, ಬಂದದ್ದು ಹೋಗುವುದಿಲ್ಲ, ಅಷ್ಟೇ. ಹೊಸಪೇಟೆಯ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಒಂದು ಮಧ್ಯಾಹ್ನ ಬಂದ ಸಿಟ್ಟು ಇವತ್ತಿಗೂ ನನ್ನ ಹತ್ತಿರ ಇದ್ದ ಹಾಗೇ ಇದೆ.

ನನ್ನ ಗಂಡ ಮದರಾಸಿನ ಸ್ಟುಡಿಯೋ ಒಂದರಲ್ಲಿ ಸಿನಿಮಾ ಕತ್ತರಿಸಿ ಜೋಡಿಸುವ ಕೆಲಸ ಕಲಿತು ಊರಿಗೆ ವಾಪಸು ಬಂದವರು. ಯಾವ ಕಂಪನಿಯ ಹಂಗೂ ಬೇಡವೆಂದು ಹಳೆಯ ಕ್ಯಾಮೆರಾ ಒಂದನ್ನು ತಂದು, ಆಸೆಪಟ್ಟವರಿಗೆ ಸಣ್ಣ ಸಣ್ಣ ಮೂಕಿ ಚಿತ್ರ ಮಾಡಿಕೊಡುತ್ತಿದ್ದರು. ತೆಗೆಯುವುದು ಅವರು. ಜೋಡಿಸುವುದು ಮೊದಮೊದಲು ಇಬ್ಬರೂ, ಆಮೇಲೆ ನಾನೊಬ್ಬಳೇ. ಅವರಿಗೆ ಒಂದು ಕಡೆ ಕೂತು ಕೆಲಸ ಮಾಡುವ ತಾಳ್ಮೆ ಇರಲಿಲ್ಲ. ನನ್ನದು ಹೂ ಕಟ್ಟಿ ಪಳಗಿದ ಬೆರಳು, ಕೂತರೆ ಏಳುತ್ತಿರಲಿಲ್ಲ.

ಆಗಿನ ಫಿಲ್ಮು ಒಂದು ಕಿಡಿ ತಾಗಿದರೆ ಭಗ್ಗೆಂದು ಉರಿಯುವಂಥದು. ಅದಕ್ಕೇ ಒಲೆಯಿಂದ ದೂರ, ಹಿತ್ತಲ ಕೋಣೆಯಲ್ಲಿ ನನ್ನ ಮೇಜು. ಅಂಟಿಗೆ ಥೇಟ್ ಬಾಳೆಹಣ್ಣಿನ ವಾಸನೆ. ಮನೆಗೆ ಬಂದವರು ಮೂಗರಳಿಸಿ, "ಬಾಳೆಹಣ್ಣು ಎಲ್ಲಿ ಬಚ್ಚಿಟ್ಟೀಯವ್ವಾ?" ಎಂದು ಕೇಳುತ್ತಿದ್ದರು. ಫಿಲ್ಮಿಗೆ ಎರಡು ಮೈ. ಒಂದು ನುಣುಪು, ಇನ್ನೊಂದರ ಮೇಲೆ ಚಿತ್ರದ ಪದರ. ಯಾವುದು ಯಾವುದೆಂದು ಗೊತ್ತಾಗಲು ತುದಿಯನ್ನು ತುಟಿಗೆ ಮುಟ್ಟಿಸಬೇಕು. ಪದರದ ಬದಿಯಾದರೆ ತುಟಿಗೆ ಹಿಡಿದುಕೊಳ್ಳುತ್ತದೆ. ಆ ಪದರವನ್ನು ಬ್ಲೇಡಿನಿಂದ ಎಳ್ಳಷ್ಟು ಕೆರೆದು, ಅಂಟು ಸವರಿ, ಇನ್ನೊಂದು ತುಂಡು ಕೂರಿಸಿ ಒತ್ತಬೇಕು. ದಿನವೆಲ್ಲ ಇದೇ ಕೆಲಸ. ಸಂಜೆಗೆ ತುಟಿ ಒಡೆದಿರುತ್ತಿತ್ತು.

ಗಿರಣಿಯ ಸಾವುಕಾರರಿಗೆ ಹಂಪಿಯ ಮೇಲೆ ಒಂದು ಚಿತ್ರ ಬೇಕೆನಿಸಿತು. ಹಂಪಿಯ ಮೇಲೆ ಎಂದರೆ ಹಂಪಿಯಲ್ಲಿ ತಾವು ಓಡಾಡುವುದರ ಮೇಲೆ. ಹಂಪಿ ಬಜಾರಿನಲ್ಲಿ ಸಾವುಕಾರರು, ಹೊಳೆ ದಂಡೆಯಲ್ಲಿ ಸಾವುಕಾರರು, ಕಲ್ಲಿನ ಸಾಲುಮಂಟಪದಲ್ಲಿ ಬಡವರಿಗೆ ಅನ್ನ ಬಡಿಸುವ ಸಾವುಕಾರರು. ಎರಡು ತಿಂಗಳು ಅವರ ಮುಖ ನೋಡಿ ನೋಡಿ ಸಾಕಾಗಿಹೋಯಿತು. ಆದರೂ ಚಿತ್ರ ಚೆನ್ನಾಗಿ ಕೂತಿತ್ತು. ಹೊಳೆಯ ನೀರು ಎಲ್ಲಿ ನಿಲ್ಲಬೇಕು, ಗುಡಿಯ ಗೋಪುರ ಎಲ್ಲಿ ಬರಬೇಕು, ಎಲ್ಲ ನನ್ನ ಲೆಕ್ಕವೇ.

ಚಿತ್ರದ ಮೊದಲಿಗೆ ಒಂದೊಂದಾಗಿ ಹೆಸರಿನ ಹಲಗೆ ತೋರಿಸುತ್ತಾರಲ್ಲ, ಅವುಗಳಲ್ಲಿ ಒಂದರ ಮೇಲೆ ಜೋಡಣೆ ಎಂದು ಬರೆದು ಇಬ್ಬರ ಹೆಸರೂ ಹಾಕಿಸುತ್ತೇನೆ ಎಂದು ಗಂಡ ನನಗೆ ಮಾತು ಕೊಟ್ಟಿದ್ದರು. ಕೇಳಿದ್ದು ನಾನಲ್ಲ, ಅವರೇ ಕೊಟ್ಟದ್ದು. ಹಲಗೆ ಬರೆದು ಬಂದಾಗ ನೋಡಿದರೆ ಅವರೊಬ್ಬರದೇ ಹೆಸರು.

"ಮುಂದಿನ ಚಿತ್ರಕ್ಕ ಹಾಕಿದ್ರಾತು ಬಿಡು" ಎಂದರು.

ಆ ಹಲಗೆ ತೋರಿಸುವ ಫಿಲ್ಮಿನ ತುಂಡನ್ನೂ ನಾನೇ ನನ್ನ ಕೈಯಾರೆ ಅಂಟಿಸಿದೆ.

ಕೊನೆಗೆ ಸಾವುಕಾರರು ನಮ್ಮ ಕೋಣೆಗೇ ಬಂದು ಚಿತ್ರ ನೋಡಿ ತಕರಾರು ತೆಗೆದರು. ಬಜಾರಿನಲ್ಲಿ ಅವರು ಎಡದಿಂದ ಬಲಕ್ಕೆ, ಗುಡಿಯ ಕಡೆಗೆ ನಡೆಯುತ್ತಾರೆ. ಅದರ ಹಿಂದೆಯೇ ಬಡಿಸುವ ತುಂಡು ಬರುತ್ತದೆ; ಅಲ್ಲಿ ಬಲದಿಂದ ಎಡಕ್ಕೆ ಸಾಗುತ್ತಾರೆ.

"ಗುಡಿಗೆ ಬೆನ್ನು ಮಾಡಿ ಮನಿಗೆ ಹೊಂಟಂಗ ಕಾಣ್ತೈತಿ. ತಿರುವಿ ಹಾಕ್ರಿ" ಎಂದರು.

ತಿರುವಬಹುದು. ಆ ತುಂಡನ್ನು ಬೆನ್ನುಮೇಲಾಗಿ ಹಾಕಿದರೆ ಎಡ ಬಲವಾಗುತ್ತದೆ. ಆದರೆ ಬಲವೂ ಎಡವಾಗುತ್ತದಲ್ಲ!

"ಬ್ಯಾಡ್ರಿ ಸಾವ್ಕಾರ್ರೇ, ತಿರುವಿದ್ರ ನೀವು ಎಡಗೈಲೆ ಅನ್ನ ಬಡಿಸಿದಂಗ ಕಾಣ್ತದ" ಎಂದೆ.

ಅವರು ನಕ್ಕರು. "ಕೈ ಯಾರು ನೋಡ್ತಾರ ತಂಗೀ? ಎಲ್ಲಾರೂ ನನ್ನ ಮಾರಿ ನೋಡ್ತಾರ."

ನಾನು ಗಂಡನ ಮುಖ ನೋಡಿದೆ. "ಅವರು ಹೇಳಿದಂಗ ಮಾಡು, ಭಾಳ ಮಾತಾಡಬ್ಯಾಡ" ಎಂದರು. ಮಾಡಿದೆ. ತಿರುವಿ ಅಂಟಿಸುವುದು ಕೈತಪ್ಪಿ ಆಗುವ ಕೆಲಸವಲ್ಲ, ಇದನ್ನು ನೆನಪಿಡಿ. ಎರಡೂ ತುದಿಯಲ್ಲಿ ಬೇರೆ ರೀತಿ ಕೆರೆಯಬೇಕು, ಬೇರೆ ರೀತಿ ಕೂರಿಸಬೇಕು. ಒಂದು ಗಳಿಗೆಯ ಕೆಲಸಕ್ಕೆ ಅರ್ಧ ದಿನ ಹಿಡಿಯಿತು.

ಚಿತ್ರ ತೋರಿಸುವ ದಿನ ಗಿರಣಿಯ ಗೋದಾಮಿನ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದರು. ಗಿರಣಿಯ ಎಂಜಿನ್ನಿಂದಲೇ ಕರೆಂಟು. ಊರಿನ ದೊಡ್ಡವರು ಕುರ್ಚಿಯ ಮೇಲೆ, ಗಿರಣಿಯ ಆಳುಗಳು ನೆಲದ ಮೇಲೆ, ನಾವಿಬ್ಬರು ಹಿಂದೆ ಯಂತ್ರದ ಹತ್ತಿರ. ಹೊಳೆ ಬಂತು, ಬಜಾರು ಬಂತು, ಜನ ಬಾಯಿ ತೆರೆದು ನೋಡಿದರು. ಬಡಿಸುವ ತುಂಡು ಬಂದದ್ದೇ ತಡ, ನೆಲದ ಮೇಲೆ ಕೂತಿದ್ದ ಅಕ್ಕಿ ಕೇರುವ ಮುದುಕಿಯೊಬ್ಬಳು ಕೂಗಿಬಿಟ್ಟಳು:

"ಅಯ್ಯಯ್ಯ! ಎಡಗೈಲೆ ನೀಡಾಕತ್ಯಾರಲ್ಲೋ! ಉಣ್ಣೋರೂ ಎಡಗೈಲೇ ಉಣ್ಣಾಕತ್ಯಾರ, ನೋಡ್ರಿ!"

ಗೋದಾಮು ಹಾರಿಹೋಗುವ ಹಾಗೆ ಜನ ನಕ್ಕರು. ಸಾವುಕಾರರು ಎದ್ದು ನಿಂತು ಎಂಜಿನ್ ನಿಲ್ಲಿಸಿ, ಕಿಟಕಿಯ ಗೋಣಿಚೀಲ ತೆಗೆಸಿದರು. "ಯಾರು ಮಾಡಿದ್ದಿದು?" ಎಂದು ಗುಡುಗಿದರು. ತಾವೇ ಹೇಳಿ ಮಾಡಿಸಿದ್ದು! ನನ್ನ ಗಂಡ ಬಾಯಿ ತೆರೆದಾಗ ನಿಜ ಹೇಳುತ್ತಾರೆ ಎಂದುಕೊಂಡೆ.

"ನಮ್ಮ ಮನಿಯಾಕಿ ಕೈತಪ್ಪಿ ತಿರುವಿ ಅಂಟಿಸ್ಯಾಳ್ರಿ" ಎಂದರು.

ಸಾವುಕಾರರಿಗೂ ಅದೇ ಬೇಕಿತ್ತು. "ಹೆಂಗಸರ ಕೈಗೆ ಕೊಟ್ರ ಹಿಂಗ ಆಗ್ತದ ನೋಡ್ರಿ" ಎಂದು ಎಲ್ಲರ ಕಡೆ ತಿರುಗಿದರು. ಮತ್ತೆ ನಗೆ. ಈಗ ಜನ ನಕ್ಕದ್ದು ನನ್ನನ್ನು ನೋಡಿ. ಮೈಯೆಲ್ಲ ಉರಿದುಹೋಯಿತು. ಒಳ್ಳೆಯದಕ್ಕೆ ನನ್ನ ಹೆಸರಿಲ್ಲ, ಕೆಟ್ಟದ್ದಕ್ಕೆ ಮಾತ್ರ ಊರಿಗೆಲ್ಲ ಕೇಳುವಂತೆ ನಾನು! ದರಿದ್ರ ನ್ಯಾಯ.

ಮನೆಗೆ ಬಂದಮೇಲೆ ಕೇಳಿದೆ. "ಏನ್ ಮಾಡ್ಲಿ? ಆ ಹೊತ್ತಿಗೆ ಬಾಯಿಗೆ ಬಂತು" ಎಂದರು. "ಹಂಗಾರ ಅವರೆಲ್ಲಾರ ಮುಂದ ಖರೇ ಏನಂತ ಹೇಳ್ರಿ" ಎಂದೆ. ಉಣ್ಣಲು ಬಡಿಸು ಎಂದರು.

ಮರುವಾರ ಕಂಪ್ಲಿಯಲ್ಲಿ ಸಾವುಕಾರರ ಬೀಗರ ಗೋದಾಮಿನಲ್ಲಿ ಎರಡನೇ ಪ್ರದರ್ಶನ. ಅಷ್ಟರೊಳಗೆ ಬಡಿಸುವ ತುಂಡನ್ನು ಮೊದಲಿದ್ದಂತೆ ಮಾಡಿರೆಂದು ಸಾವುಕಾರರು ಹೇಳಿ ಕಳಿಸಿದರು. ಗಂಡನಿಂದ ಅದು ಆಗುವಂತಿರಲಿಲ್ಲ. ನಾನು ಕೂತು ಬಿಚ್ಚಿ, ಸರಿಯಾದ ಮೈಗೆ ಅಂಟಿಸಿದೆ. ಬ್ಲೇಡು ಕೈಯಲ್ಲೇ ಇತ್ತು. ರೀಲಿನ ಮೊದಲಿಗೆ ಹೋಗಿ, ಇನ್ನೂ ಒಂದು ಕೆಲಸ ಮಾಡಿದೆ. ಕತ್ತರಿಸಿ ತೆಗೆದ ತುಂಡನ್ನು ಹಿತ್ತಲಲ್ಲಿ ಕಡ್ಡಿ ಗೀರಿ ಸುಟ್ಟೆ.

ಕಂಪ್ಲಿ ನನ್ನ ತವರು. ನನ್ನ ಅಪ್ಪ, ಅವ್ವ, ಓಣಿಯ ಜನ ಎಲ್ಲರೂ ಬಂದಿದ್ದರು. "ಮೊದಲಿಗೇ ಬರ್ತೈತಿ ನೋಡ್ರಿ ಮಾವ, ನನ್ನ ಹೆಸರು" ಎಂದು ಇವರು ನನ್ನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಪಕ್ಕಕ್ಕೇ ಕೂರಿಸಿಕೊಂಡರು. ಚಿತ್ರದ ಹೆಸರು ಬಂತು. ಸಾವುಕಾರರ ಹೆಸರು ಬಂತು. ಆಮೇಲೆ ಸೀದಾ ಹೊಳೆ ಬಂತು.

"ಎಲ್ಲಿ ಅಳಿಯಂದ್ರೇ, ಬರಲೇ ಇಲ್ಲಲ್ಲ?" ಎಂದ ಅಪ್ಪ.

ಇವರು ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿದರು. ಮುಖ ಸಣ್ಣಗಾಗಿತ್ತು. "ನನ್ನ ಹೆಸರು ಎಲ್ಲಿ ಹೋತಲೇ?"

"ಕೈತಪ್ಪಿತ್ರೀ" ಎಂದೆ, ಸಾಲಿಗೆಲ್ಲ ಕೇಳುವ ಹಾಗೆ.