ಕೀಲಿ ಹಾಕಿದ ಮನೆಯ ಪಾಳಿ

ಔರಾದದ ನನ್ನ ಸೋದರತ್ತೆ ಕಾಶಿಬಾಯಿಯ ಅಂಗಳದಲ್ಲಿ, ಬೇವಿನ ಮರಕ್ಕೆ ಹೊಡೆದ ಮೊಳೆಯೊಂದರಲ್ಲಿ ಹಳೆಯ ಸೈಕಲ್ ಟ್ಯೂಬಿನ ತುಂಡುಗಳು ತೋರಣದಂತೆ ತೂಗುತ್ತಿದ್ದವು. ಬರಗಾಲದ ಆ ವರ್ಷಗಳಲ್ಲಿ ಓಣಿಯ ನೀರಿನ ಟಾಕಿ ತುಂಬಲು ಭಾಲ್ಕಿ ಕಡೆಯಿಂದ ದಿನಕ್ಕೊಂದು ಬೇರೆ ಟ್ಯಾಂಕರ್ ಬರುತ್ತಿತ್ತು; ಒಂದರ ಪೈಪು ದಪ್ಪ, ಇನ್ನೊಂದರದು ಸಣಕಲು, ಟಾಕಿಯ ಬಾಯಿ ಮಾತ್ರ ಒಂದೇ. ಅತ್ತೆ ಬಂದ ಪೈಪನ್ನು ನೋಡಿ, ಅದಕ್ಕೊಪ್ಪುವ ಟ್ಯೂಬಿನ ತುಂಡು ಸಿಕ್ಕಿಸಿ, ದಾರ ಬಿಗಿದು ನೀರು ಬಿಡಿಸುತ್ತಿದ್ದಳು. ಟ್ಯಾಂಕರ್ ಬದಲಾಯಿತೆಂದು ಟಾಕಿಯನ್ನೇ ಒಡೆದು ಕಟ್ಟುವವರು ಎಲ್ಲಾದರೂ ಇರುತ್ತಾರೆಯೇ ಎನ್ನುತ್ತೀರಾ? ಇದ್ದಾರೆ ಗೆಳೆಯರೆ, ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬೀದರಿನ ಮೈಲೂರಿನಲ್ಲಿ ಕೂತು ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವ ನಾನು ಈ ವಿಷಯದಲ್ಲಿ ತುಸು ಹಟಮಾರಿ. ಪ್ರೋಗ್ರಾಂ ಯಾವ ಕೆಲಸಕ್ಕಾಗಿ ಹುಟ್ಟಿದೆಯೋ ಆ ಕೆಲಸದ ನೇಮಗಳು ನಡುಮನೆಯಲ್ಲಿರಬೇಕು, ಅದೂ ಆ ಕೆಲಸ ಮಾಡುವವರ ಮಾತಿನಲ್ಲೇ ಇರಬೇಕು. ಮೊಬೈಲ್ ಸಂದೇಶ, ಪರದೆ, ಡೇಟಾಬೇಸು ಇವೆಲ್ಲ ಹೊಸ್ತಿಲಾಚೆ ನಿಂತು, ಬೇಕಾದಾಗ ಕೂಡಿಕೊಂಡು ಬೇಡವಾದಾಗ ಕಳಚಿಕೊಳ್ಳಬೇಕು. ನೀರಿನ ಪಾಳಿ ಮೊಬೈಲಿಗೇ ಬರುವಂತೆ ಮಾಡಿಕೊಡು ಎಂದು ಓಣಿಯವರು ಕೇಳಿದಾಗಲೂ ಹಾಗೆಯೇ ಬರೆಯಲು ಕುಳಿತೆ. "ಒಂದ್ ಓಣಿ ನೀರಿಗಿ ಇಷ್ಟ್ಯಾಕ ಮಡಿ ಮಾಡ್ತಿ?" ಎಂದು ನನ್ನ ಜತೆ ಕೆಲಸ ಮಾಡುವವನೊಬ್ಬ ನಕ್ಕ.

ಕಗ್ಗಂಟು ಇದ್ದದ್ದು ಓಣಿಯಲ್ಲಿ. ಹಲವು ಮನೆಯವರು ಕಟ್ಟಡದ ಕೆಲಸ ಹುಡುಕಿ ಹೈದರಾಬಾದಿಗೆ ಗುಳೆ ಹೋಗಿದ್ದರು, ಬಾಗಿಲಿಗೆ ಕೀಲಿ ಬಿದ್ದಿತ್ತು.

"ಇಲ್ಲದವರಿಗಿ ಪಾಳಿ ಯಾಕ್ರಿ? ತೆಗದ್ ಹಾಕ್ರಿ," ಎಂದರು ಎದುರುಮನೆಯ ಮಾಣಿಕಪ್ಪ. ಅವರ ಮನೆತುಂಬ ಮಕ್ಕಳು. ಒಂದು ಕೊಡ ಹೆಚ್ಚು ಸಿಕ್ಕರೂ ಹಬ್ಬ.

ಅತ್ತೆ ದಾರ ಬಿಗಿಯುತ್ತಲೇ ಹೇಳಿದಳು: "ಕೀಲಿ ಹಾಕ್ಯಾರ, ಓಣಿ ಬಿಟ್ಟಿಲ್ಲ. ಇವತ್ತಿನ ನೀರು ನೀವೇ ತುಂಬಿಕೋರಿ. ಅವರ ಪಾಳಿ ಮಾತ್ರ ಮುಟ್ಟಬ್ಯಾಡ್ರಿ."

ಆ ಮಾತನ್ನೇ ಪ್ರೋಗ್ರಾಂನ ನಡುಮನೆಯಲ್ಲಿಟ್ಟೆ: ಕೀಲಿ ಇರುವಷ್ಟು ದಿನ ಆ ಮನೆಯ ನೀರು ಉಳಿದವರಿಗೆ, ಕೀಲಿ ತೆಗೆದ ದಿನ ಪಾಳಿ ಅವರದೇ. ನಾನು ಬರೆದ ಸಾಲುಗಳಲ್ಲಿ ಇಷ್ಟು ಮಮತೆ ಹುಟ್ಟಿಸಿದ್ದು ಇನ್ನೊಂದಿಲ್ಲ.

ಬಿಸಿಲು ಏರಿದಂತೆ ಕರೆಂಟು ಕೈಕೊಟ್ಟು, ಮೊಬೈಲ್ ಟವರ್ ಮಲಗಿ, ಸಂದೇಶಗಳು ನಿಂತೇ ಹೋದವು. ನಾನು ಔರಾದಕ್ಕೆ ಹೋಗಿ, ಅತ್ತೆಯ ಮನೆಯಲ್ಲೇ ಇಟ್ಟಿದ್ದ, ಕರೆಂಟು ಬಂದಷ್ಟು ಹೊತ್ತು ಚಾರ್ಜ್ ಆಗುತ್ತಿದ್ದ ಲ್ಯಾಪ್‌ಟಾಪಿನಿಂದ ಸಂದೇಶದ ಜೋಡಣೆಯನ್ನು ಕಳಚಿ, ಪಾಳಿಯ ಹೆಸರು ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡುವಂತೆ ಮಾಡಿದೆ. ಅದನ್ನು ನೋಡಿ ಅತ್ತೆ ಗುಡಿಯ ಬ್ಯಾಟರಿ ಮೈಕಿನಲ್ಲಿ ಕೂಗತೊಡಗಿದಳು. ಒಳಗಿನ ನೇಮಕ್ಕೆ ಇದಾವುದರ ಸುದ್ದಿಯೇ ಮುಟ್ಟಲಿಲ್ಲ, ನನಗೋ ಒಳಗೊಳಗೇ ಹಿಗ್ಗು.

ಆ ವಾರವೇ ಪಕ್ಕದ ಮನೆಯ ಶಾಂತಾಬಾಯಿ ಹಸುಗೂಸನ್ನೆತ್ತಿಕೊಂಡು ಹೈದರಾಬಾದಿನಿಂದ ಬಂದಳು. ಕೀಲಿ ತೆಗೆದದ್ದನ್ನು ಕಂಡ ಅತ್ತೆ, ಅವಳಿಗೆ ಹೇಳದೆಯೇ ಲ್ಯಾಪ್‌ಟಾಪಿನಲ್ಲಿ ಆ ಮನೆಯ ಮುಂದಿದ್ದ ಕೀಲಿಯ ಗುರುತು ತೆಗೆದುಬಿಟ್ಟಿದ್ದಳು. ಮರುದಿನ ಶಾಂತಾಬಾಯಿ ಯಾರ ಮುಖವನ್ನೂ ನೋಡದೆ ಸಾಲಿನ ಕಟ್ಟಕಡೆಗೆ ಕೊಡವಿಟ್ಟು ನಿಂತಳು. ಬಾಣಂತಿ, ಮನೆಯಲ್ಲಿ ತೊಟ್ಟು ನೀರಿಲ್ಲ. ಸಾಲಿನ ತುದಿ ಮುಟ್ಟುವ ಹೊತ್ತಿಗೆ ಟಾಕಿ ಬರಿದಾಗುವುದು ಎಲ್ಲರಿಗೂ ಗೊತ್ತಿತ್ತು. ಪರದೆಯ ಮೇಲೆ ಅವಳ ಹೆಸರು ಮೂಡಿದಾಗ ನಾನು ಲ್ಯಾಪ್‌ಟಾಪನ್ನು ಅತ್ತೆಯತ್ತ ತಿರುಗಿಸಿದೆ.

"ಶಾಂತಾಬಾಯಿ, ಕೊಡ ತಗೊಂಡ್ ಮುಂದ ಬಾ," ಎಂದಿತು ಮೈಕು.

ಅವಳು ನಂಬಲಿಲ್ಲ. "ಕಾಕು, ನಮ್ ಪಾಳಿ ಇನ್ನಾ ಅದ ಏನ್ರಿ?"

ಅತ್ತೆ ಮೈಕು ಕೆಳಗಿಟ್ಟಳು. "ಅದೆಲ್ಲಿ ಹೋಗ್ತದವ್ವಾ? ಹೋಗಿದ್ದಾಕಿ ನೀನು."

ಕೀಲಿ ಹಾಕಿದ ಮನೆಯ ನೀರೆಂದು ಟಾಕಿಯ ನಳದಡಿಗೆ ಆಗಲೇ ತಮ್ಮ ಕೊಡವಿಟ್ಟಿದ್ದ ಮಾಣಿಕಪ್ಪ ಅದನ್ನು ಪಕ್ಕಕ್ಕೆ ಸರಿಸಿದರು; ಸಾಲಿನ ತುದಿಯವರೆಗೆ ನಡೆದುಹೋಗಿ ಶಾಂತಾಬಾಯಿಯ ಕೊಡವನ್ನು ತಾವೇ ಎತ್ತಿಕೊಂಡು ಬಂದರು.