ನಿಲಂಗಾದಿಂದ ವಾಪಸ್ ಬಂದ ಕರಡಿಗೆ

ನಮ್ಮ ಮನೆತನಕ್ಕೆ ಹಂಚಿಕೊಳ್ಳಲು ಹೊಲವಿರಲಿಲ್ಲ. ಹಾಗಾಗಿ ಅಜ್ಜ ಲಿಂಗೈಕ್ಯರಾದ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಭಕ್ತರ ಮನೆಗಳನ್ನು ಹಂಚಿಕೊಂಡರು. ನಾವು ಮರಾಠಿ ಸೀಮೆಯ ಉಮರಗಾದ ಜಂಗಮರು. ಮದುವೆ, ಗೃಹಪ್ರವೇಶ, ಲಿಂಗಧಾರಣೆ, ಸತ್ತವರ ಮಣ್ಣು, ಎಲ್ಲಕ್ಕೂ ಭಕ್ತರ ಮನೆಗೆ ಹೋಗಿ ಪೂಜೆ ಮಾಡಿಸುವುದೇ ನಮ್ಮ ಬೇಸಾಯ. ನಿಲಂಗಾ, ಔರಾದ ಶಹಾಜನಿ, ಉದಗೀರದ ಮನೆಗಳು ದೊಡ್ಡಪ್ಪನ ಪಾಲಿಗೆ ಹೋದವು. ಮುರುಮ ಕಡೆಯವು ನಮಗೆ ಬಂದವು. ಹಂಚುವಾಗ ಎರಡೂ ಪಾಲು ಸಮ ಇದ್ದವಂತೆ. ಆಮೇಲೆ ನಿಲಂಗಾ, ಉದಗೀರದ ಭಕ್ತರು ಮಹಡಿಯ ಮೇಲೆ ಮಹಡಿ ಕಟ್ಟಿದರು, ಕಟ್ಟಿದ ಪ್ರತಿ ಮಹಡಿಗೂ ಅಣ್ಣನನ್ನು ಕರೆದರು. ಮುರುಮದವರು ಕಬ್ಬು, ಕಾರ್ಖಾನೆ ಎಂದು ಓಡಾಡುತ್ತಾ ಯಾರಾದರೂ ಸತ್ತಾಗ ಮಾತ್ರ ನನ್ನನ್ನು ನೆನೆಯುತ್ತಾರೆ.

ಅಣ್ಣ ಎಂದರೆ ದೊಡ್ಡಪ್ಪನ ಮಗ. ನನಗಿಂತ ಕೆಲವೇ ತಿಂಗಳು ದೊಡ್ಡವನು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಕಂಠ ಒಳ್ಳೆಯದು. ಅವನು ಮಂತ್ರ ಹೇಳುತ್ತಿದ್ದರೆ ಅಳುವ ಕೂಸೂ ಸುಮ್ಮನಾಗುತ್ತದೆ. ನಾನು ಶುರುಮಾಡಿದರೆ ಹೆಂಗಸರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಮುಚ್ಚಿಡುವುದೇನಿದೆ, ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಬೆಳಿಗ್ಗೆ ಅವನ ಮೋಟರ್ ಸೈಕಲ್ಲು ಶುರುವಾದ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಚಹಾದ ರುಚಿ ಕೆಡುತ್ತದೆ. ಅವನು ಕೆಟ್ಟವನಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಅವನು ಕೆಟ್ಟವನಲ್ಲ, ಅದೇ ನನ್ನ ಕಷ್ಟ.

ಆನ್‌ಲೈನಿನಲ್ಲಿ ಒಂದು ಆ್ಯಪ್ ಮೂಲಕ ಮಾರುವುದನ್ನು ಮೊದಲು ಶುರುಮಾಡಿದ್ದು ನಾನು. ವಿಭೂತಿ ಗಟ್ಟಿ, ಶಿವದಾರ, ರುದ್ರಾಕ್ಷಿ ಮಾಲೆ, ಕರಡಿಗೆ. ಕರಡಿಗೆ ಎಂದರೆ ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಬೆಳ್ಳಿ ಡಬ್ಬಿ. ಆ ಆ್ಯಪ್‌ನಲ್ಲಿ ನನಗೆ ಹಿಡಿಸಿದ ಸಂಗತಿ ಒಂದೇ: ಅಲ್ಲಿ ಊರುಗಳನ್ನು ಯಾರೂ ಹಂಚಿಕೊಂಡಿರಲಿಲ್ಲ. ನಿಲಂಗಾದವನು ನನ್ನಿಂದ ಕೊಂಡರೆ ಕೇಳುವವರಿಲ್ಲ. ಒಂದು ದೀಪಾವಳಿ ಕಳೆಯುವಷ್ಟರಲ್ಲಿ ಅಣ್ಣನೂ ತನ್ನ ಅಂಗಡಿ ತೆರೆದ. ಅದೇ ಮಾಲು, ಅದೇ ಬೆಲೆ. ಪಾರ್ಸಲ್ ಗಾಡಿ ಮೊದಲು ಅವನ ಬಾಗಿಲಿಗೆ ನಿಲ್ಲತೊಡಗಿತು, ಅಲ್ಲಿಯೇ ಬಹಳ ಹೊತ್ತು ನಿಲ್ಲತೊಡಗಿತು.

ಅವನಿಗೆ ಐದೈದು ಸ್ಟಾರು. ನನಗೆ ವಾಪಸ್ಸುಗಳು. ಅರ್ಧ ಸವೆದ ವಿಭೂತಿ ಗಟ್ಟಿಯನ್ನು ಒಬ್ಬ ಪುಣ್ಯಾತ್ಮ ‘ಬಣ್ಣ ಸರಿಯಿಲ್ಲ’ ಎಂದು ಹಿಂದಿರುಗಿಸಿದ. ರುದ್ರಾಕ್ಷಿ ಮಾಲೆ ಕಳಿಸಿದರೆ ಪ್ಲಾಸ್ಟಿಕ್ ಮಣಿಯ ಸರ ಬಂತು. ಗೋಡೆಯಾಚೆಗಿದ್ದವನಿಗೆ ನನ್ನ ಬೈಗುಳ ಕೇಳಿಸಿರಬೇಕು, ಒಂದು ಸಂಜೆ ಕಟ್ಟೆಗೆ ಬಂದು ಕುಳಿತ.

“ತಮ್ಮಾ, ವಾಪಸ್ ಬಂದ ಪಾರ್ಸಲ್ ಬಿಚ್ಚೂವಾಗ ವಿಡಿಯೊ ಮಾಡ್ಕೊತ ಬಿಚ್ಚು. ಮೋಸ ಮಾಡಿದ್ದು ಅದರಾಗ ಕಾಣ್ತದ. ರೊಕ್ಕ ಹೊಳ್ಳಿ ಬರ್ತದ. ನಾ ಹಂಗೇ ಮಾಡ್ತೀನಿ.”

ಒಳ್ಳೆಯ ಮಾತು. ಆದರೆ ಅವನು ಹೇಳಿದ ಮಾತು. ಹಾಗಾಗಿ ನಾನು ಒಮ್ಮೆಯೂ ವಿಡಿಯೊ ಮಾಡಲಿಲ್ಲ.

ಈ ನಡುವೆ ನಿಲಂಗಾದಿಂದ ಒಂದು ಬೆಳ್ಳಿ ಕರಡಿಗೆಗೆ ಆರ್ಡರ್ ಬಂತು. ಆ ವಿಳಾಸ ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಣ್ಣನ ಪಾಲಿನ ಊರು, ಅಣ್ಣನ ಪಾಲಿನ ಯಾವುದೋ ಮನೆ, ಅವನ ಅಂಗಡಿ ಬಿಟ್ಟು ನನ್ನ ಅಂಗಡಿಗೆ ಬಂದಿದೆ. ಡಬ್ಬಿಯನ್ನು ತಿಕ್ಕಿ ತಿಕ್ಕಿ ಒರೆಸಿದೆ. ಜೊತೆಗೆ ಒಂದು ಚೂರು ವಿಭೂತಿ ಪುಕ್ಕಟೆ ಇಟ್ಟೆ. “ನಿಲಂಗಾದ ಪಾರ್ಸಲ್ ಎಲ್ಲೈತಿ?” ಎಂದು ಹೆಂಡತಿಯನ್ನು ಎರಡೆರಡು ಸಲ ಕೂಗಿ ಕೇಳಿದೆ. ಪಾರ್ಸಲ್ಲು ನನ್ನ ಕೈಯಲ್ಲೇ ಇತ್ತು. ಗೋಡೆಗೆ ಕೇಳಿಸಲಿ ಎಂದು ಕೂಗಿದ್ದು.

ಕೆಲವು ದಿನಗಳಲ್ಲೇ ಅದು ವಾಪಸ್ ಬಂತು. ಕಾರಣ: ‘ಮುಚ್ಚಳ ಸರಿಯಾಗಿ ಕೂಡುವುದಿಲ್ಲ’. ಕತ್ತರಿ ಹುಡುಕುವ ತಾಳ್ಮೆಯೂ ಇಲ್ಲದೆ ಹಲ್ಲಿನಿಂದ ಹರಿದು ಬಿಚ್ಚಿದೆ. ಒಳಗೆ ನನ್ನ ಕರಡಿಗೆ ಇರಲಿಲ್ಲ. ಕಪ್ಪಾಗಿ, ಒಂದು ಮಗ್ಗುಲು ತಗ್ಗು ಬಿದ್ದಿದ್ದ ಯಾವುದೋ ಹಳೆಯ ಕರಡಿಗೆ ಇತ್ತು. ಹೊಸದನ್ನು ಇಟ್ಟುಕೊಂಡು, ಹಳೆಯದನ್ನು ತುರುಕಿ, ರೊಕ್ಕವನ್ನೂ ಹಿಂದಕ್ಕೆ ಪಡೆದಿದ್ದರು. ನಾನು ಬೈದ ಬೈಗುಳ ಜಂಗಮನ ಬಾಯಿಗೆ ತಕ್ಕುದಾಗಿರಲಿಲ್ಲ. ಬೈದ ಮೇಲೆ ದನಿ ತಗ್ಗಿಸಿದೆ, ಯಾಕೆಂದರೆ ಗೋಡೆಗೆ ಇದೂ ಕೇಳಿಸುತ್ತದೆ.

ಆ್ಯಪ್‌ನವರಿಗೆ ದೂರು ಕೊಟ್ಟೆ. ಬಿಚ್ಚುವಾಗಿನ ವಿಡಿಯೊ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಬಂದ ವಸ್ತುವಿನ ಒಳಗು ಹೊರಗು ಎಲ್ಲದರ ಫೋಟೊ ಹಾಕಿ ಎಂದರು. ಹೊರಗಿನ ಫೋಟೊ ತೆಗೆದು, ಒಳಗಿನದಕ್ಕಾಗಿ ಮುಚ್ಚಳ ತಿರುವಿದೆ. ಒಳಗೆ ಬಿಳಿ ಅರಿವೆಯ ಪುಟ್ಟ ಗಂಟು. ಗಂಟಿನಲ್ಲಿ ಲಿಂಗ.

ಹೆಂಡತಿ ಬಗ್ಗಿ ನೋಡಿ ಸೆರಗು ಹೊದ್ದುಕೊಂಡಳು. ಮೋಸ ಮಾಡುವ ಅವಸರದಲ್ಲಿ ಡಬ್ಬಿ ಖಾಲಿಯಿದೆಯೇ ಎಂದು ಯಾರೂ ನೋಡಿರಲಿಲ್ಲ.

“ಇದರ ಫೋಟೊ ಹಾಕಿದ್ರ ನಾವೇ ಗೆಲ್ತೀವಲ್ರಿ” ಎಂದಳು. ಆಮೇಲೆ ತಾನೇ ಹೇಳಿದಳು: “ಬ್ಯಾಡ್ರಿ. ಯಾರದೋ ಲಿಂಗಾ.”

ಒಬ್ಬರ ಲಿಂಗವನ್ನು ಇನ್ನೊಬ್ಬರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲಿಯೋ ಕುಳಿತ ಆ್ಯಪ್‌ನವರಿಗೆ ಸಾಕ್ಷಿಯೆಂದು ತೋರಿಸುವುದಂತೂ ಆಗದ ಮಾತು. ಫೋಟೊ ಹಾಕಲಿಲ್ಲ, ದೂರು ಬಿದ್ದುಹೋಯಿತು. ಮರುದಿನ ಬೆಳಿಗ್ಗೆ ನನ್ನ ಲಿಂಗಪೂಜೆಯ ಜೊತೆ ಆ ಮೋಸಗಾರರ ಲಿಂಗಕ್ಕೂ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದೆ. ಒಳಗೊಳಗೇ ಕುದಿಯುತ್ತಾ ಏರಿಸಿದೆ.

ಕುದಿಯುತ್ತಿದ್ದಾಗಲೇ ಇನ್ನೊಂದು ವಿಚಾರ ಬಂತು. ನಿಲಂಗಾದ ಆ ಮನೆಯಲ್ಲಿ ಯಾರೋ ಲಿಂಗವಿಲ್ಲದೆ ಇದ್ದಾರೆ. ಅರಿವೆಯ ಗಂಟು ಕಟ್ಟಿದ ರೀತಿ ನೋಡಿದರೆ ಹಳೆಯ ಕಾಲದವರು, ಪೂಜೆಯಾಗದೆ ಅನ್ನ ಮುಟ್ಟದವರು. ನಾನೇ ಹೋಗಿ ಕೈಗೆ ಕೊಟ್ಟರೆ? ಬರೀ ಕೊಡುವುದಲ್ಲ. ಕೈತಪ್ಪಿದ ಲಿಂಗ ಮರಳಿ ಸಿಕ್ಕರೆ ಅಯ್ಯನವರೇ, ಅಂದರೆ ಜಂಗಮರೇ, ಪೂಜೆ ಮಾಡಿ ಮತ್ತೆ ಕೊರಳಿಗೆ ಕಟ್ಟಬೇಕು. ಕಟ್ಟಿದವನು ಆ ಮನೆಯ ಅಯ್ಯನವರಾಗುತ್ತಾನೆ. ಅಣ್ಣನ ಪಾಲಿನ ಒಂದೇ ಒಂದು ಮನೆ ನನ್ನನ್ನು ಕರೆಯುವಂತಾದರೆ ಸಾಕು, ಕರಡಿಗೆ ಹೋದರೆ ಹೋಗಲಿ ಎನ್ನಿಸಿತು. ಹೆಂಡತಿಗೆ ಪಿಸುಮಾತಿನಲ್ಲಿ ಹೇಳಿ ನಿಲಂಗಾದ ಎಸ್‌ಟಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ನನಗೆ ಹಾಸುವ ಮಣೆ, ತೊಳೆಯುವ ಪಾದ, ಇವನ್ನೇ ನೋಡುತ್ತಿದ್ದೆ. ಹೊಲದಲ್ಲಿ ಸೋಯಾ ಇತ್ತೋ ತೊಗರಿ ಇತ್ತೋ ನೆನಪಿಲ್ಲ.

ಬಾಗಿಲು ತೆಗೆದವನು ನನ್ನಷ್ಟೇ ವಯಸ್ಸಿನ ಗಂಡಸು. “ಕೋಣ ಪಾಹಿಜೆ?” ಯಾರು ಬೇಕೆಂದು ಮರಾಠಿಯಲ್ಲಿ ಕೇಳಿದ. ನಾನು ಚೀಲದಿಂದ ತಗ್ಗು ಬಿದ್ದ ಕರಡಿಗೆ ತೆಗೆದು ಅಂಗೈ ಮೇಲೆ ಹಿಡಿದೆ. ಅವನ ಮರಾಠಿ ಅಲ್ಲಿಗೇ ನಿಂತಿತು.

“ಅಯ್ಯಾರ, ಅವ್ವಗ ಹೇಳಬ್ಯಾಡ್ರಿ. ದವಾಖಾನ್ಯಾಗ ಸ್ಕ್ಯಾನ್ ಮಾಡೂವಾಗ ಕೊರಳಾಗಿನ ಕರಡಿಗಿ ತೆಗಿಸಿದ್ರು. ಲಿಂಗಾ ಬ್ಯಾರೆ ತೆಗೆದು ಅವ್ವನ ಅರಿವ್ಯಾಗ ಕಟ್ಟೀನಿ ಅಂತ ಹೆಂಡತಿ ಅಂದಂಗಾಯ್ತು. ಖಾಲಿ ಡಬ್ಬಿ ಅಂತ ತಿಳಿದು ಪಾರ್ಸಲ್ದಾಗ ಹಾಕಿದ್ನಿ. ದವಾಖಾನ್ಯಾಗೇ ಕಳೀತು ಅಂತ ಅವ್ವಗ ಹೇಳೀವಿ. ಅಂದಿನಿಂದ ಬರೀ ಹಾಲಿನ ಮ್ಯಾಲ ಅದಾಳ.”

ಅಷ್ಟು ಹೇಳಿ, ನನ್ನ ಕರಡಿಗೆಯ ರೊಕ್ಕವನ್ನು ಕಿಸೆಯಿಂದ ತೆಗೆದು ನನ್ನ ಮುಷ್ಟಿಗೆ ತುರುಕಿದ. ತೆಗೆದುಕೊಂಡೆ. ಅವನನ್ನು ಗಲ್ಲಿಯಲ್ಲೇ ನಿಲ್ಲಿಸಿ ಮಾನ ಕಳೆಯುವ ಆಸೆ ಬಸ್ಸಿನಲ್ಲಿ ಇತ್ತು. ಈಗ ಅದಕ್ಕಿಂತ ದೊಡ್ಡ ಆಸೆ ಒಳಮನೆಯಲ್ಲಿ ಕಾದಿತ್ತು.

ಅವನ ತಾಯಿ ಗೋಡೆಗೊರಗಿ ಕುಳಿತಿದ್ದಳು. ತೀರ ಸೊರಗಿದ್ದಳು. ಮಗ ಮುಂದಾಗಿ, “ಅವ್ವಾ, ಲಿಂಗಾ ಸಿಕ್ಕದ. ಇವರು ತಂದಾರ” ಎಂದ. ನಾನು ಕರಡಿಗೆ ಕೊಡುತ್ತಲೇ ಅವಳು ಎರಡೂ ಕಣ್ಣಿಗೆ ಒತ್ತಿಕೊಂಡಳು. ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನೋಡಿದರೆ ಎದುರಿನ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಈ ಮನೆಯ ಗೃಹಪ್ರವೇಶದ ಫೋಟೊ ಇತ್ತು. ನಡುವೆ ಹಾರ ಹಾಕಿಸಿಕೊಂಡು ಅಣ್ಣ ಕುಳಿತಿದ್ದ.

“ನೀವು ಯಾರ ಪೈಕಿ ಆದ್ರಿ?” ಎಂದು ಕೇಳಿದಳು.

“ಉಮರಗಾದ ಜಂಗಮರು, ಯವ್ವಾ.”

“ಅಂದ್ರ ನಮ್ಮ ಅಯ್ನೋರ ತಮ್ಮಾರು! ಮುಖದಾಗೇ ಕಾಣ್ತದ ನೋಡ್ರಿ.” ನನ್ನ ಮುಖದಲ್ಲೂ ಅವನನ್ನೇ ಕಂಡಳು.

“ನಡೀರಿ ಯವ್ವಾ, ಜಳಕಾ ಮಾಡಿ ಬರ್ರಿ. ಪೂಜಿ ಮಾಡಿ ಕಟ್ಟೇಬಿಡ್ತೀನಿ” ಎಂದೆ.

ಸೊಸೆ ಹಿಡಿದುಕೊಂಡು ಹೋಗಿ ಜಳಕ ಮಾಡಿಸಿ ಕರೆತಂದಳು. ಮಣೆ ಹಾಸಿದರು. ನನ್ನ ಕಾಲಿಗೆ ನೀರು ಹಾಕಿದರು. ಬಸ್ಸಿನಲ್ಲಿ ಕಂಡದ್ದೆಲ್ಲ ಕಂಡ ಹಾಗೆಯೇ ನಡೆಯುತ್ತಿತ್ತು. ಮಗ ಒಳಗಿನಿಂದ ನನ್ನ ಹೊಸ ಕರಡಿಗೆ ತಂದು ಅವ್ವನ ಮುಂದಿಟ್ಟ, ನಿನಗಾಗಿಯೇ ತರಿಸಿದ್ದೆ ಎಂದ. ಮುದುಕಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಏನ್ ಛಂದ ಅದ. ನಮ್ಮ ಅಯ್ನೋರ ಅಂಗಡೀದೇ ಇರಬೇಕು. ಮಾಲ್ ಅಂದ್ರ ಅವರದು.”

ಮಗ ನೆಲ ನೋಡಿದ. ನಾನು ಹಲ್ಲು ಕಚ್ಚಿ ವಿಭೂತಿ ಬಿಚ್ಚಿದೆ. ಅವನ ಮೋಸ ಹೇಳದೆ ನನ್ನ ಅಂಗಡಿಯ ಹೆಸರು ಹೇಳುವ ದಾರಿ ಯಾವುದೂ ಇರಲಿಲ್ಲ, ಹುಡುಕಿ ನೋಡಿದೆ. ಪೂಜೆ ಮುಗಿಸಿ, ಶಿವದಾರ ಪೋಣಿಸಿ, ಲಿಂಗವನ್ನು ಹೊಸ ಕರಡಿಗೆಯೊಳಗಿಟ್ಟು, ಕಟ್ಟಲು ಕೈ ಎತ್ತಿದೆ. ಮುದುಕಿ ಮೆಲ್ಲಗೆ ಕೊರಳು ಹಿಂದೆ ಸರಿಸಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಅಪ್ಪಾರ. ನನಗ ಮೊದಲ ಲಿಂಗಾ ಕಟ್ಟಿದೋರು ಅವರ ಅಜ್ಜಾರು. ಈಗ ನಮ್ಮ ಅಯ್ನೋರೇ ಕಟ್ಟಬೇಕು. ಒಂದು ಫೋನ್ ಹಚ್ಚರಿ, ಬರ್ತಾರ.”

ಅವರ ಅಜ್ಜ! ನನಗೂ ಅವರೇ ಅಜ್ಜ. ಅದನ್ನು ಹೇಳಬಹುದಿತ್ತು. ಹೇಳಿದರೆ ಅವಳು “ಹೌದ್ರಿ” ಎಂದು ನಕ್ಕು, ಮತ್ತೆ ಫೋನ್ ಹಚ್ಚಲು ಹೇಳುತ್ತಿದ್ದಳು. ಇನ್ನೂ ಅನ್ನ ಮುಟ್ಟದ ಮುಖ ಅದು. ಫೋನ್ ಹಚ್ಚಿದೆ. ಒಂದೇ ಗೋಡೆಯಾಚೆ ಇರುವವನಿಗೆ ನಾನು ಫೋನ್ ಮಾಡಿದ್ದು ಅದೇ ಮೊದಲು.

ಅಣ್ಣ ಉದಗೀರದಲ್ಲಿದ್ದ, ಯಾರದೋ ಮದುವೆ. ನಾನು ಎಲ್ಲಿದ್ದೇನೆ, ಏಕಿದ್ದೇನೆ ಎಂದು ತಡವರಿಸುತ್ತಾ ಹೇಳಿದೆ. ಅವನಿಗೆ ಕೋಪ ಬರಲಿ, ತನ್ನ ಪಾಲಿನ ಮನೆಗೆ ಏಕೆ ಹೋದೆ ಎಂದು ಒಮ್ಮೆಯಾದರೂ ಬೈಯಲಿ ಎಂದು ಕಾದೆ.

“ಛಲೋ ಮಾಡಿದಿ ತಮ್ಮಾ, ನೀ ಹೋಗಿದ್ದು. ನೀ ಅಲ್ಲೇ ಅದೀ, ನೀನೇ ಕಟ್ಟು. ಯವ್ವನ ಸಮಾಧಾನಕ್ಕ ಸ್ಪೀಕರಿಗಿ ಹಾಕು, ಮಂತ್ರಾ ನಾ ಹೇಳ್ತೀನಿ.”

ಫೋನಿನಲ್ಲಿ ಅವನ ಧ್ವನಿ ಕೇಳಿದ್ದೇ ಮುದುಕಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನನ್ನನ್ನು ಮಣೆಯಿಂದ ಏಳಿಸಿ, ಅಲ್ಲಿ ಒಂದು ಹೊಸ ಅರಿವೆ ಹಾಸಿ, ಅದರ ಮೇಲೆ ಫೋನ್ ಇಡಿಸಿದಳು. ಮಂತ್ರ ಶುರುವಾಯಿತು. ಎಂಥ ಕಂಠ! ಸೊಸೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ಕೈಮುಗಿದು ನಿಂತಳು. ನಾನು ನೆಲದ ಮೇಲೆ ಕುಳಿತು, ಲಿಂಗವನ್ನು ಮತ್ತೆ ಹೊರತೆಗೆದು, ಅವನು ನಿಲ್ಲಿಸಿದಲ್ಲಿ ನೀರೆರೆದೆ, ಅವನು ಹೇಳಿದಲ್ಲಿ ವಿಭೂತಿ ಹಚ್ಚಿದೆ. ಫೋನಿನ ಬ್ಯಾಟರಿ ಕೆಂಪಿಗೆ ಬಂದಿತ್ತು. ಮುದುಕಿಯ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡೇ, ಫೋನು ಈಗಲೇ ಆರಿಹೋಗಲಿ ಎಂದು ಬೇಡಿಕೊಂಡೆ. ಆರಲಿಲ್ಲ. ಕೊನೆಯ ಮಂತ್ರಕ್ಕೆ ಸರಿಯಾಗಿ ನಾನು ಲಿಂಗವನ್ನು ಕರಡಿಗೆಯೊಳಗಿಟ್ಟು ಅವಳ ಕೊರಳಿಗೆ ಗಂಟು ಹಾಕಿದೆ.

ಅವಳು ಕರಡಿಗೆಯನ್ನು ಎದೆಗೊತ್ತಿಕೊಂಡು, ಸೊಸೆಯ ಆಸರೆಯಲ್ಲಿ ಬಗ್ಗಿ, ಹಣೆ ನೆಲಕ್ಕೆ ಹಚ್ಚಿ ಫೋನಿಗೆ ನಮಸ್ಕಾರ ಮಾಡಿದಳು. ಫೋನು ನನ್ನದು.