ತೆರೆಯದೆ ದಾಟಿಸಿದ ಟಪಾಲು

ಮೊನ್ನೆ ನಮ್ಮ ಆಸ್ಪತ್ರೆಯ ಮೇಲ್ ಸರ್ವರಿನ ಮುಚ್ಚಳ ಬಿಚ್ಚಿದಾಗ ಒಳಗಿನಿಂದ ಕಾದ ಧೂಳಿನ ವಾಸನೆ ಬಂತು. ಹಿಂದೆ ಮನೆಯಲ್ಲಿ ರೇಡಿಯೊ ಬಹಳ ಹೊತ್ತು ಹಚ್ಚಿಟ್ಟರೆ ಬರುತ್ತಿತ್ತಲ್ಲ, ಅಂಥದೇ. ನಾನು ಬ್ರಷ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಗುರುಪಾದ ಸರ್ ಈ ಕೋಣೆಗೆ ಬಂದರೆ ಮೊದಲು ಈ ವಾಸನೆಯನ್ನೇ ಪರೀಕ್ಷಿಸುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಫ್ಯಾನಿನ ಸದ್ದು ಕೇಳುತ್ತಿದ್ದರು. ಅವರು ರಬಕವಿಯ ನೇಕಾರರ ಮನೆಯವರು, ಮಗ್ಗಗಳ ಸದ್ದಿನಲ್ಲೇ ಬೆಳೆದು ಇಂಜಿನಿಯರಿಂಗ್ ಓದಿದವರು. ಸದ್ದು ಒಂದಿಷ್ಟು ಬದಲಾದರೂ, "ಇದಕ್ಕೇನೋ ಆಗೈತಿ ತಂಗಿ" ಎನ್ನುತ್ತಿದ್ದರು. ನನಗೆ ಇವತ್ತಿಗೂ ಎಲ್ಲ ಫ್ಯಾನುಗಳೂ ಒಂದೇ ಥರ ಕೇಳಿಸುತ್ತವೆ.

ನನ್ನ ಕೆಲಸ ಏನೆಂದು ವಿವರಿಸುವುದು ನನಗೆ ಯಾವತ್ತೂ ಸರಿಯಾಗಿ ಬಂದಿಲ್ಲ. ಮದುವೆಯಾಗಿ ಮುಧೋಳಕ್ಕೆ ಬಂದ ಹೊಸತರಲ್ಲಿ ಅತ್ತೆ ಕೇಳಿದ್ದರು. ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರರಿಗೂ ಸಿಬ್ಬಂದಿಗೂ ಬರುವ ಈಮೇಲ್‌ಗಳೆಲ್ಲ ಒಂದು ಯಂತ್ರಕ್ಕೆ ಬರುತ್ತವೆ, ಅಲ್ಲಿಂದ ಅವರವರ ಪೆಟ್ಟಿಗೆಗೆ ಹೋಗುತ್ತವೆ, ಆ ಯಂತ್ರವನ್ನು ನೋಡಿಕೊಳ್ಳುವವಳು ನಾನು ಎಂದು ಹೇಳಿದೆ. ಅತ್ತೆ ಓಣಿಯವರಿಗೆಲ್ಲ "ನಮ್ಮ ಸೊಸಿ ಪೋಸ್ಟಾಫೀಸಿನಾಗ ಅದಾಳ" ಎಂದು ಸಾರಿದರು. ಒಂದಿಷ್ಟು ದಿನ ಬೇಜಾರಾಯಿತು. ಈಗ ಯೋಚಿಸಿದರೆ ಅತ್ತೆಗಿಂತ ಚೆನ್ನಾಗಿ ನಾನೂ ಹೇಳಲಾರೆ.

ಸರ್ ನನ್ನ ಮೇಲಧಿಕಾರಿ. ಇಡೀ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಎಂದರೆ ಅವರು ಮತ್ತು ನಾನು. ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಆಗಿನ ಸರ್ವರ್ ಹಳತಾಯಿತು. ಅದರ ತಂತ್ರಾಂಶ ತಯಾರಿಸಿದವರು ಇನ್ನು ಈ ಆವೃತ್ತಿಗೆ ರಿಪೇರಿ ಇಲ್ಲ ಎಂದು ಕೈತೊಳೆದುಕೊಂಡಿದ್ದರು. ಬೇರೆ ಊರಿನ ಸರ್ವರುಗಳು ನಮ್ಮ ಮೇಲ್‌ಗಳನ್ನು ಅನುಮಾನದಿಂದ ನೋಡಿ ವಾಪಸು ಕಳಿಸತೊಡಗಿದವು. ಹೊಸ ಆವೃತ್ತಿಗೆ ಹೋಗಲೇಬೇಕಿತ್ತು. ನಮ್ಮ ಆಡಳಿತಾಧಿಕಾರಿ ಪಾಟೀಲ ಸಾಹೇಬರು ಹೊರಗಿನ ಕಂಪನಿಯೊಂದನ್ನು ವಿಚಾರಿಸಿ ಬಂದರು. ಒಂದು ಭಾನುವಾರದಲ್ಲಿ ಎಲ್ಲ ಮುಗಿಸಿಕೊಡುತ್ತಾರಂತೆ.

"ಮುಗಿಸೂದು ಸರಳ ಐತ್ರಿ ಸಾಹೇಬ್ರ," ಎಂದರು ಸರ್. "ಸೋಮವಾರ ಮುಂಜಾನೆ ಏನೇನು ಉಳದಿರ್ತೈತಿ ಅನ್ನೂದನ್ನ ನೋಡಬೇಕಲ್ರಿ."

ಕೆಲಸ ನಮಗೇ ಬಂತು. ಮೊದಲು ಎಲ್ಲದರ ನಕಲು ತೆಗೆದೆವು. ನನಗೆ ಅಷ್ಟಕ್ಕೇ ಸಮಾಧಾನ. ಸರ್ ಒಪ್ಪಲಿಲ್ಲ. "ಬ್ಯಾಕಪ್ ತಗೊಂಡೇವಿ ಅಂದ್ರ ಆಗ್ಲಿಲ್ಲ ತಂಗಿ. ಅದರಿಂದ ಎಲ್ಲಾ ಮತ್ತ ಎದ್ದು ನಿಲ್ಲತೈತೇನು ನೋಡಬೇಕು." ಮೂಲೆಯಲ್ಲಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಆ ನಕಲನ್ನು ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಎದ್ದೇಳಲಿಲ್ಲ. ಜನ ತಮ್ಮ ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಹೆಸರಿಟ್ಟುಕೊಂಡ ಫೋಲ್ಡರುಗಳೆಲ್ಲ ಬರೀ ಚೌಕಗಳಾಗಿದ್ದವು. ಅದನ್ನು ಸರಿಪಡಿಸುವಾಗ ಹಿರಿಯ ನರ್ಸ್ ಒಬ್ಬರ 'ಮಗಳ ಸಂಬಂಧ' ಎಂಬ ಫೋಲ್ಡರು ಕಣ್ಣಿಗೆ ಬಿತ್ತು. ನಾನು ನಕ್ಕೆ. ಸರ್ ನಗಲಿಲ್ಲ. "ಹೆಸರೂ ನೋಡಿಲ್ಲಂತ ತಿಳ್ಕೊ," ಎಂದರು.

ಹಳೆಯ ಪೆಟ್ಟಿಗೆಯಲ್ಲಿದ್ದದ್ದು ಹೊಸ ಪೆಟ್ಟಿಗೆಗೆ ಸರಿಯಾಗಿ ಬಂದಿದೆಯೇ ಎಂದು ಯಾರಾದರೂ ತೆರೆದು ನೋಡಲೇಬೇಕಲ್ಲ. ನಮ್ಮ ಕೈಯಲ್ಲಿ ಎಲ್ಲ ಪೆಟ್ಟಿಗೆಗಳ ಕೀಲಿ ಇತ್ತು, ಕೂತಲ್ಲೇ ಮುಗಿಯುವ ಕೆಲಸ. ಆದರೆ ಸರ್ ಒಬ್ಬೊಬ್ಬರನ್ನೇ ನಮ್ಮ ಕೋಣೆಗೆ ಕರೆಸಿದರು. ಅವರವರ ಮೇಲ್ ಅವರವರೇ ನೋಡಬೇಕು. ಅವರು ಪರದೆಯ ಮುಂದೆ ಕೂತರೆ ಸರ್ ಕುರ್ಚಿ ತಿರುಗಿಸಿ ಕಿಟಕಿ ಕಡೆ ಮುಖ ಮಾಡುತ್ತಿದ್ದರು. ಜನ ಗೊಣಗಿದರು. ಕಾಯುವ ರೋಗಿಗಳನ್ನು ಬಿಟ್ಟು ಬಂದ ಡಾಕ್ಟರೊಬ್ಬರು, "ನೀವ ನೋಡಿಬಿಡ್ರೆಲ್ಲ, ನಮ್ದೇನೈತಿ ಅದ್ರಾಗ?" ಎಂದು ಸಿಟ್ಟಾದರು. ಸರ್ ಕೈಮುಗಿದು ಕೂರಿಸಿದರು. ನನಗೂ ಒಳಗೊಳಗೇ ಇದು ಅತಿಯಾಯಿತು ಎನ್ನಿಸುತ್ತಿತ್ತು.

ಇದೆಲ್ಲ ನಡೆಯುವಾಗ ಸರ್ ಅವರ ಹೆಂಡತಿ ಮಹಾದೇವಿಗೆ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಸರ್ ನನ್ನನ್ನು ತಂಗಿ ಎನ್ನುತ್ತಿದ್ದುದರಿಂದ ಆಕೆ ನನಗೆ ವೈನಿ, ಅಣ್ಣನ ಹೆಂಡತಿ. ಮನೆಗೆ ಹೋದರೆ ನಾಲ್ಕು ಮಾತಿಗೆ ಒಂದು ಬೈಗಳು, ಅದರ ಬೆನ್ನಿಗೇ ತಾಟಿನ ತುಂಬ ಊಟ. ನಮ್ಮ ಆಸ್ಪತ್ರೆಯ ಶೋಭಾ ಡಾಕ್ಟರು ನೋಡಿ, ಗಂಟಿನ ಚೂರು ತೆಗೆದು ಬೆಳಗಾವಿಯ ಲ್ಯಾಬಿಗೆ ಕಳಿಸಿದರು. ವರದಿ ಡಾಕ್ಟರಿಗೆ ಈಮೇಲಿನಲ್ಲಿ ಬರಬೇಕಿತ್ತು. ಸರ್ವರ್ ಬದಲಿಸುವ ದಿನವನ್ನು ಮುಂದಕ್ಕೆ ಹಾಕೋಣ ಎಂದು ಪಾಟೀಲ ಸಾಹೇಬರೇ ಹೇಳಿದರು. ಹಳೆಯ ಯಂತ್ರವನ್ನು ಇನ್ನು ನಂಬುವ ಹಾಗಿಲ್ಲ ಎಂದು ಸರ್ ಒಪ್ಪಲಿಲ್ಲ.

ಅದೊಂದು ಶನಿವಾರ. ಮುಂಜಾನೆ ನಮ್ಮ ಟಪಾಲೆಲ್ಲ ಇನ್ನು ಹೊಸ ಯಂತ್ರಕ್ಕೆ ಬರಲಿ ಎಂದು ಅಂತರ್ಜಾಲದಲ್ಲಿದ್ದ ನಮ್ಮ ವಿಳಾಸ ಬದಲಿಸಿದೆವು. ಆದರೆ ಈ ಸುದ್ದಿ ಲೋಕದ ಸರ್ವರುಗಳಿಗೆಲ್ಲ ಒಮ್ಮೆಲೇ ತಿಳಿಯುವುದಿಲ್ಲ. ಕೆಲವು ಇನ್ನೂ ಹಳೆಯ ಬಾಗಿಲನ್ನೇ ಬಡಿಯುತ್ತಿರುತ್ತವೆ. ಅದಕ್ಕೇ ಸರ್ ಹಳೆಯದನ್ನೂ ಹಚ್ಚಿಯೇ ಇಟ್ಟು, ಅದಕ್ಕೆ ಬಂದದ್ದೆಲ್ಲ ಹೊಸದಕ್ಕೆ ದಾಟುವ ಹಾಗೆ ಮಾಡಿದ್ದರು. ನಾನು ಹಳೆಯದರ ಮುಂದೆ, ಅವರು ಹೊಸದರ ಮುಂದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು.

ಊಟದ ಹೊತ್ತಿಗೆ ಒಂದು ಮೇಲ್ ಹಳೆಯ ಯಂತ್ರದಲ್ಲಿ ಸಿಕ್ಕಿಬಿತ್ತು. ದಾಟಲು ಹೋಗುವುದು, ಹೊಸ ಯಂತ್ರ ಬೇಡವೆನ್ನುವುದು, ವಾಪಸು ಬಂದು ಕೂರುವುದು. ನನ್ನ ಪರದೆಯಲ್ಲಿ ಕಳಿಸಿದವರು, ತಲುಪಬೇಕಾದವರು, ಗಾತ್ರ, ಇಷ್ಟೇ ಕಾಣುತ್ತಿತ್ತು. ಕಳಿಸಿದವರು ಬೆಳಗಾವಿಯ ಲ್ಯಾಬಿನವರು. ತಲುಪಬೇಕಾದವರು ಶೋಭಾ ಡಾಕ್ಟರು. ಆ ವಾರ ಡಾಕ್ಟರು ಆ ಲ್ಯಾಬಿಗೆ ಕಳಿಸಿದ್ದು ವೈನಿಯದೊಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ಸರ್ ಬಂದು ನನ್ನ ಹಿಂದೆ ನಿಂತರು. "ಗಾತ್ರ ದೊಡ್ಡದೈತಿ. ಫೋಟೋ ಇರಬೇಕು. ಹೊಸದು ಇಷ್ಟು ದೊಡ್ಡದನ್ನ ತಗೊಳ್ಳಂಗಿಲ್ಲ. ಮಿತಿ ಏರಿಸಬೇಕು," ಎಂದರು. ದನಿಯಲ್ಲಿ ಏನೂ ಇರಲಿಲ್ಲ. ತಮ್ಮ ಜಾಗಕ್ಕೆ ಹೋಗಿ ಮಿತಿ ಏರಿಸಿದರು. ನಾನು ಮತ್ತೆ ಕಳಿಸಿದೆ. ಮೇಲ್ ದಾಟಿ ಡಾಕ್ಟರ ಪೆಟ್ಟಿಗೆಗೆ ಹೋಗಿ ಬಿತ್ತು.

"ಸರ, ನೋಡೂಣೇನ್ರಿ?" ಎಂದೆ. ಬಾಯಿಗೆ ಬಂದೇಬಿಟ್ಟಿತು.

ಅವರು ಫೋನ್ ತೆಗೆದರು. ಶೋಭಾ ಡಾಕ್ಟರು ಹೆಂಗಸರ ಆರೋಗ್ಯ ಶಿಬಿರಕ್ಕೆಂದು ಹಿಪ್ಪರಗಿಗೆ ಹೋಗಿದ್ದರು. ಹೊಸ ಸರ್ವರನ್ನು ಅವರ ಮೊಬೈಲಿಗೆ ಇನ್ನೂ ಜೋಡಿಸಿರಲಿಲ್ಲ. ಅವರ ಮಾತು ಫೋನಿನಿಂದ ನನಗೂ ಕೇಳಿಸಿತು. "ಸರ, ನಾ ಬರೂದು ಸಂಜಿ ಆಗ್ತೈತ್ರಿ. ನೀವೇ ತಗದು ಓದ್ರಿ. ನಾ ಹೇಳಾಕತ್ತೇನಲ್ರಿ."

"ಬ್ಯಾಡ್ರಿ ಮೇಡಂ. ನೀವ ಬರ್ರಿ. ಮಹಾದೇವಿನೂ ಕರೆಸ್ತೇನಿ," ಎಂದು ಸರ್ ಫೋನ್ ಇಟ್ಟರು. ಆಮೇಲೆ ರಬಕವಿಯ ಮನೆಗೆ ಫೋನ್ ಮಾಡಿ, ಬಸ್ ಹಿಡಿದು ಬಾ ಎಂದಷ್ಟೇ ಹೇಳಿದರು.

ನನಗೆ ತಡೆಯಲಾಗಲಿಲ್ಲ. "ಡಾಕ್ಟರ ಓದಂತ ಹೇಳಿದ್ರಲ್ರಿ ಸರ. ಇನ್ನ್ಯಾರ ಅಪ್ಪಣಿ ಬೇಕ್ರಿ?"

ಅವರು ಕೀಲಿಮಣೆಯನ್ನು ದೂರ ಸರಿಸಿದರು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಅಕಿ ಮೈಯಾಗಿನ ಸುದ್ದಿ ತಂಗಿ ಅದು. ಅಕಿಗಿಂತ ಮೊದ್ಲ ನಾ ತಿಳ್ಕೊಂಡ್ನಿ ಅಂದ್ರ, ಅಕಿ ಬಸ್ಸಿಳದು ಬರೂ ಮುಂದ ನಾ ಯಾವ ಮುಖಾ ತಗೊಂಡು ಎದುರ ನಿಲ್ಲಲಿ? ಸುಳ್ಳ ನಗಬೇಕು, ಇಲ್ಲಾ ಅಳಬೇಕು. ಎರಡೂ ಬ್ಯಾಡ."

ಆ ಮಧ್ಯಾಹ್ನ ಎಷ್ಟು ಉದ್ದ ಇತ್ತೆಂದು ನಿಮಗೆ ಹೇಗೆ ಹೇಳಲಿ. ನಾಲ್ಕು ಅಕ್ಷರ ಒತ್ತಿದರೆ ತೆರೆಯುವ ಪೆಟ್ಟಿಗೆಯ ಮುಂದೆ ಸರ್ ಕೈಕಟ್ಟಿ ಕೂತಿದ್ದರು. ನಡುನಡುವೆ ಕ್ಯಾಂಟೀನಿನವನು, ಔಷಧ ಅಂಗಡಿಯವನು ಫೋನ್ ಮಾಡಿ ಪಾಸ್‌ವರ್ಡ್ ತಗೊಳ್ಳುತ್ತಿಲ್ಲ ಎಂದು ದೂರುತ್ತಿದ್ದರು. ಸರ್ ಪ್ರತಿಯೊಬ್ಬರಿಗೂ ದೊಡ್ಡಕ್ಷರ ಯಾವುದು, ಸಣ್ಣಕ್ಷರ ಯಾವುದು ಎಂದು ಸಮಾಧಾನವಾಗಿ ಹೇಳಿಕೊಟ್ಟರು.

ವೈನಿ ಬಂದರು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, ಬಂದವರೇ ಗಂಡನನ್ನು ಕೇಳಿದರು. "ಬಂದೈತೇನು?"

"ಬಂದೈತಿ."

"ನೀವು ಓದೀರೇನು?"

"ಇಲ್ಲ. ಡಾಕ್ಟರ್ ಬಾಯಾರ ಬರಾಕತ್ತಾರ. ಕೂಡ್ರು."

ವೈನಿ ಅವರ ಮುಖವನ್ನೇ ನೋಡಿದರು. ಅಲ್ಲಿ ಹುಡುಕುವಂಥದ್ದು ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನನ್ನು ನೋಡಿ, "ಯಾಕ ಬೇ, ಉಂಡೀಯಿಲ್ಲೊ?" ಎಂದರು. ನಾನು ಉಂಡಿರಲಿಲ್ಲ. ಯಾರೂ ಉಂಡಿರಲಿಲ್ಲ.

ಡಾಕ್ಟರು ಬಂದು ತಮ್ಮ ಕೋಣೆಯಲ್ಲಿ ಮೇಲ್ ತೆರೆದರು. ಗಂಡ ಹೆಂಡತಿ ಒಳಗೆ ಹೋದರು, ಬಾಗಿಲು ಮುಚ್ಚಿತು. ನಾನು ಎರಡೂ ಯಂತ್ರಗಳ ನಡುವೆ ಒಬ್ಬಳೇ. ಅವರು ಹೊರಗೆ ಬಂದಾಗ ಸರ್ ವೈನಿಯ ರಟ್ಟೆ ಹಿಡಿದಿದ್ದರು. ಯಾರು ಯಾರಿಗೆ ಆಸರೆ ಕೊಟ್ಟಿದ್ದರೋ ತಿಳಿಯಲಿಲ್ಲ.

"ಐತಂತ," ಎಂದರು ವೈನಿ. "ತಗೀಬೇಕಂತ. ತಗಸೂದು."

ಬೆಳಗಾವಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಕೂದಲು ಹೋಯಿತು, ಬಂತು. ನೋಡಲು ಹೋದಾಗ ಒಮ್ಮೆ ವೈನಿ ನನ್ನೊಬ್ಬಳ ಎದುರು ಹೇಳಿದ್ದರು. ಅವರ ಓಣಿಯಲ್ಲಿ ಇದೇ ಜಡ್ಡು ಬಂದ ಹೆಂಗಸೊಬ್ಬಳಿಗೆ ಮನೆಯವರೆಲ್ಲ ಸೇರಿ ಕಡೆಯವರೆಗೂ ಹೇಳಲೇ ಇಲ್ಲವಂತೆ. ಎಲ್ಲರೂ ಆಕೆಯ ಹಾಸಿಗೆಯ ಸುತ್ತ ನಗುತ್ತಿದ್ದರಂತೆ. "ನನಗ ಜಡ್ಡಿನಕಿಂತ ಆ ನಗೀದ ಅಂಜಿಕಿ ಭಾಳ ಇತ್ತವಾ. ಅವತ್ತ ಇಬ್ರೂ ಕೂಡೇ ಕೇಳಿದ್ವಿ. ಖರೆ ಹೇಳ್ಬೇಕಂದ್ರ ಅರ್ಧಾ ಹಗರಾತು." ಅದಾದ ಮೇಲೆ ಜನರನ್ನು ಕರೆಸಿ ಅವರವರ ಪೆಟ್ಟಿಗೆ ಅವರಿಗೇ ತೋರಿಸುವುದು ನನಗೆ ಅತಿ ಎನ್ನಿಸಲಿಲ್ಲ.

ವೈನಿ ಉಳಿದರು. ಹೋದ ಚಳಿಗಾಲದಲ್ಲಿ ಹೋದವರು ಸರ್. ನಿವೃತ್ತಿಗೆ ಇನ್ನೂ ಸಮಯ ಇತ್ತು. ಮುಂಜಾನೆ ಬಸ್ಸಿಗೆ ಹೊರಡುವಾಗ ಎದೆ ಹಿಡಿದುಕೊಂಡು ಮನೆಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ.

ಈಗ ಅವರು ಹೊಸದೆಂದು ಹಚ್ಚಿದ ಸರ್ವರೂ ಹಳತಾಗಿದೆ. ಮತ್ತೆ ಹೊಸ ಆವೃತ್ತಿಗೆ ಹೋಗಬೇಕು. ನಕಲು ತೆಗೆದೆ, ಬಿಚ್ಚಿ ನೋಡಿದೆ, ಒಬ್ಬೊಬ್ಬರನ್ನೇ ಕರೆಸಿದೆ, ಕಿಟಕಿ ಕಡೆ ಮುಖ ಮಾಡಿ ಕೂತೆ. ಕಡೆಗೆ ಉಳಿದದ್ದು ಸರ್ ಅವರ ಪೆಟ್ಟಿಗೆ. ಅದನ್ನು ನೋಡಿ ಸರಿಯಿದೆ ಎನ್ನುವವರು ಯಾರು? ಪಾಟೀಲ ಸಾಹೇಬರನ್ನು ಕೇಳಿದೆ. ಅಳಿಸಿಬಿಡಿ ಎನ್ನಬಹುದೆಂದು ಅಂಜಿದ್ದೆ. ಅವರು, "ಅವರ ಮನಿಯವ್ರನ್ನ ಕರೀರಿ," ಎಂದರು.

ವೈನಿ ಬಂದರು. ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತರು. ನಾನು ಪೆಟ್ಟಿಗೆ ತೆರೆದುಕೊಟ್ಟು ತಿರುಗಿ ಕೂತೆ. ಮೌಸಿನ ಸದ್ದು ಅಷ್ಟೇ. ಅಳುತ್ತಾರೇನೋ ಎಂದು ಕಿವಿಗೊಟ್ಟು ಕೂತಿದ್ದೆ.

"ಇದೇನ ಬೇ, ಇಷ್ಟು ಬೈಸ್ಕೊಂತಿದ್ರೇನು ಇವ್ರು?"

ತಿರುಗಿ ನೋಡಿದೆ. ಪೆಟ್ಟಿಗೆಯ ತುಂಬ ದೂರುಗಳೇ. ಪ್ರಿಂಟರ್ ಕೆಟ್ಟಿದೆ, ನೆಟ್ ಇಲ್ಲ, ಬೇಕಂತಲೇ ನನ್ನ ಕೆಲಸ ನಿಲ್ಲಿಸಿದ್ದೀರಿ, ನಿಮ್ಮ ವಿಭಾಗ ಇರುವುದೇಕೆ. ಒಂದೊಂದಕ್ಕೂ ಸರ್ ಉತ್ತರ ಬರೆದಿದ್ದರು. ತೊಂದರೆಯಾದದ್ದಕ್ಕೆ ಕ್ಷಮೆ ಇರಲಿ, ಈಗಲೇ ಬರುತ್ತೇನೆ. ವೈನಿ ಬೆಳಗಾವಿಯಲ್ಲಿ ಮಲಗಿದ್ದ ದಿನಗಳಲ್ಲೂ ಅವೇ ದೂರುಗಳು, ಅವೇ ಉತ್ತರಗಳು.

"ಆಸ್ಪತ್ರ್ಯಾಗ ನನ್ನ ಮಂಚದ ಕಡೆ ಕುಂತ ಮೊಬೈಲ್ ಒತ್ತತಿದ್ರು. ಆಟ ಆಡಾಕತ್ತಾರಂತ ನಾ ಬೈತಿದ್ನಿ," ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮನಿಗೆ ಬಂದ್ರ ಏನಾತು ಅಂತ ಕೇಳಿದ್ರ, ಏನಿಲ್ಲ ಅನ್ನಾವ್ರು. ದಿನಾ ಏನಿಲ್ಲ. ನನ್ನ ಸುದ್ದಿ ನನಗಿಂತ ಮೊದ್ಲ ತಿಳ್ಕೊಳ್ಳಿಲ್ಲ, ಛಲೋ ಆತು. ತಮ್ಮ ಸುದ್ದಿ ಒಂದರ ನನಗ ಹೇಳ್ಬೇಕಿತ್ತಿಲ್ಲೊ?"

ನಾನು ಮತ್ತೆ ಕಿಟಕಿ ಕಡೆ ತಿರುಗಿದೆ. ವೈನಿ ಇನ್ನೂ ಬಹಳ ಹೊತ್ತು ಓದಿದರು. ಏಳುವಾಗ, "ಎಲ್ಲಾ ಸರಿ ಐತಿ. ದಾಟ್ಸು," ಎಂದರು. ಬಾಗಿಲ ಹತ್ತಿರ ಹೋದವರು ನಿಂತು ತಿರುಗಿದರು. "ನೀನೂ ಮನ್ಯಾಗ ಏನೂ ಹೇಳಂಗಿಲ್ಲೇನ?"

ಸಂಜೆ ಮುಧೋಳದ ಬಸ್ಸಿಳಿದು ಮನೆಗೆ ಹೋದೆ. ಗಂಡ ಚಹಾ ಮಾಡಿ ನನ್ನ ಮುಂದೆ ಇಟ್ಟು, ಎಂದಿನಂತೆ, "ಏನಾತು ಇವತ್ತ?" ಎಂದು ಕೇಳಿದರು. ಉತ್ತರವನ್ನು ನಿರೀಕ್ಷಿಸದೆ ಪೇಪರಿಗೆ ಕೈ ಹಾಕಿದರು. ಚೀಲವನ್ನು ಕೆಳಗಿಟ್ಟೆ. "ಪೇಪರ್ ಆಮ್ಯಾಲ ಓದ್ರಿ," ಎಂದೆ. "ಕೂಡ್ರಿ, ಹೇಳತೇನಿ."